ಊರನ್ನು ಒಮ್ಮೆ ಕಡಲಿನಿಂದ ನೋಡಿ



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ದೆಹಲಿಯ ಮನೆಗಳಲ್ಲಿ ಏನು ನಡೆಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೂಲರಿಗೆ ಹೊಸ ಹುಲ್ಲು ಹಾಕಿಸುವುದು, ಕಿಟಕಿಗಳಿಗೆ ದಪ್ಪ ಪರದೆ ಇಳಿಸುವುದು, ಮಧ್ಯಾಹ್ನ ಬೀಸುವ 'ಲೂ' ಗಾಳಿಗೆ ಹೆದರಿ ಹನ್ನೊಂದಕ್ಕೇ ಬಾಗಿಲು ಹಾಕಿಕೊಳ್ಳುವುದು. ಇಲ್ಲಿ ಹುಟ್ಟಿ ಬೆಳೆದ ನಿಮಗೆ ಬೇಸಿಗೆಯ ಗಾಳಿ ಎಂದರೆ ಶತ್ರು. ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ, ನಮ್ಮ ಕರಾವಳಿಯಲ್ಲಿ ಬೀಸುವ ಗಾಳಿಗಾಗಿ ಜನ ಕಾದು ಕುಳಿತಿರುತ್ತಿದ್ದರು ಎಂದರೆ ನಂಬುತ್ತೀರಾ?

ಕಳೆದ ವರ್ಷದ ಏಪ್ರಿಲ್‌ನಲ್ಲಿ ನಾನೂ ಹಾಗೆ ಗಾಳಿಗಾಗಿ ಕಾದು ಕುಳಿತೆ. ಇಪ್ಪತ್ತೆಂಟು ಅಡಿ ಉದ್ದದ ಒಂದು ಪುಟ್ಟ ಹಾಯಿದೋಣಿಯಲ್ಲಿ ತದಡಿಯಿಂದ ಮಲ್ಪೆಯವರೆಗೆ, ಮೂರು ಹಗಲು ಎರಡು ರಾತ್ರಿ. ಐವತ್ತು ದಾಟಿದ ಗೃಹಿಣಿಗೆ ಇದೆಂಥ ಹುಚ್ಚು ಎಂದು ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯರೆಲ್ಲ ಕೇಳಿದರು. ಆ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜಗುಲಿಯಿಂದ ಕಂಡ ಕಡಲು

ನನ್ನ ಅಮ್ಮನ ತವರು ಗಂಗೊಳ್ಳಿ. ಕುಂದಾಪುರದ ಎದುರಿಗೆ, ನದಿಗಳೆಲ್ಲ ಕೂಡಿ ಕಡಲು ಸೇರುವಲ್ಲಿ ಇರುವ ಬಂದರಿನ ಊರು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಅಲ್ಲಿ ಒಂದಾಗುವುದರಿಂದ ಅದಕ್ಕೆ ಪಂಚಗಂಗಾವಳಿ ಎಂದು ಹೆಸರು. ಅಜ್ಜ ಅಲ್ಲಿ ಒಬ್ಬ ಹಂಚಿನ ವ್ಯಾಪಾರಿಯ ಹತ್ತಿರ ಗುಮಾಸ್ತರಾಗಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಉದ್ದಕ್ಕೂ ಇಂಥ ಕಾರ್ಖಾನೆಗಳು ಎದ್ದವು. ಆ ಹಂಚುಗಳು ಮುಂಬೈ, ಗುಜರಾತುಗಳನ್ನು ಮುಟ್ಟುತ್ತಿದ್ದದ್ದು ಲಾರಿಯಲ್ಲಿ ಅಲ್ಲ, ಮಂಜಿಗಳಲ್ಲಿ. ಮಂಜಿ ಎಂದರೆ ಮೋಡದ ಮಂಜಲ್ಲ, ಮಕ್ಕಳೇ! ಸರಕು ಸಾಗಿಸುವ ದೊಡ್ಡ ಹಾಯಿಹಡಗು. ಪತ್ತೆಮಾರಿ, ಮಚ್ವೆ ಎಂಬ ಹೆಸರುಗಳೂ ಅದೇ ಕುಲದವು. ಅವುಗಳ ನಾಯಕ ತಾಂಡೇಲ, ಕೆಲಸದವರು ಖಲಾಸಿಗಳು.

ನನ್ನ ಅಮ್ಮನ ಕೊನೆಯ ತಮ್ಮ, ನನ್ನ ಚಿಕ್ಕ ಮಾವ, ಸರಕಿನ ಲೆಕ್ಕ ಬರೆಯಲು ಮಂಜಿಯ ಜೊತೆ ಹೋಗುತ್ತಿದ್ದರು. 1976ರ ಮೇ ತಿಂಗಳ ಕೊನೆ. ಮಳೆಗಾಲಕ್ಕೆ ಮುಂಚಿನ ಕಡೆಯ ಸರಕು. ಇನ್ನೆರಡು ದಿನ ತಡೆದಿದ್ದರೆ ಬಂದರು ಮುಚ್ಚುತ್ತಿತ್ತು, ಅದಕ್ಕೇ ಅವಸರ. ಅಳಿವೆ ದಾಟುವಾಗ ದೂರದ ಕಡಲಿನಿಂದ ಎದ್ದು ಬಂದ ಅಲೆ ಮಂಜಿಯನ್ನು ಮಗುಚಿತು. ಉಳಿದವರು ಈಜಿ ದಡ ಸೇರಿದರು. ಮಾವ ಸಿಗಲಿಲ್ಲ. ಅವರಿಗೆ ಆಗ ಇಪ್ಪತ್ತಮೂರು ವರ್ಷ.

ನಾನು ಆಗ ಏಳು ವರ್ಷದವಳು. ಆಮೇಲೆ ಅಜ್ಜಿ ಮನೆಯಲ್ಲಿ ಒಂದು ಕಟ್ಟಳೆ ಮಾಡಿದರು. ಮಕ್ಕಳು ಯಾರೂ ಧಕ್ಕೆ ದಾಟಿ ಹೋಗಕೂಡದು. "ಕಡಲನ್ನ ಮನಿ ಜಗುಲಿಂದ ಕಂಡ್ರೆ ಸಾಕ್" ಎನ್ನುತ್ತಿದ್ದರು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಕಟ್ಟಳೆ ನನ್ನೊಳಗೆ ಉಳಿದಿತ್ತು. ಬಿ.ಎ.ಯಲ್ಲಿ ಸಮುದ್ರದ ಮೇಲಿನ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದುಕೊಂಡ ನಾನು, ಕಡಲಿನ ನೀರಿಗೆ ಮೊಣಕಾಲಿಗಿಂತ ಆಳಕ್ಕೆ ಇಳಿದವಳಲ್ಲ. ಮದುವೆಯಾಗಿ ದೆಹಲಿಗೆ ಬಂದ ಮೇಲೆ ಆ ಭಯಕ್ಕೆ ಕೆಲಸವೇ ಇರಲಿಲ್ಲ. ಇಲ್ಲಿ ಕಡಲೆಲ್ಲಿದೆ?

ಅದನ್ನು ಮತ್ತೆ ಎಬ್ಬಿಸಿದವಳು ನನ್ನ ಮಗಳು. ಗುರುಗ್ರಾಮದಲ್ಲಿ ಕೆಲಸ, ವಯಸ್ಸು ಇಪ್ಪತ್ತನಾಲ್ಕು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ನಿಮ್ಮಲ್ಲಿ ಹಲವರು ಹಾಗೇ, ಬೇಸರಿಸಬೇಡಿ! ನಮ್ಮ ಯಜಮಾನರ ಅಕ್ಕನ ಮಗ ನೌಕಾಪಡೆಯಿಂದ ನಿವೃತ್ತನಾಗಿ ಗೋವಾದಲ್ಲಿದ್ದಾನೆ. ಅವನ ಹತ್ತಿರ ಒಂದು ಸಣ್ಣ ಯಾಟ್ ಇದೆ. ಮಳೆಗಾಲಕ್ಕೆ ಮುಂಚೆ ಅದನ್ನು ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾಕ್ಕೆ ಒಯ್ಯುವವನಿದ್ದ. ದಾರಿಯಲ್ಲಿ ಗಂಗೊಳ್ಳಿಯಲ್ಲೂ ತಂಗುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೇ ತಡ, ಮಗಳು "ನಾನೂ ಬರುತ್ತೇನೆ" ಎಂದಳು. ನಾನು "ಬೇಡ" ಎಂದೆ. ಏಕೆ ಎಂದು ಕೇಳಿದಳು. ಆಗ ಮಾವನ ಕಥೆಯನ್ನು ಅವಳಿಗೆ ಮೊದಲ ಸಲ ಹೇಳಿದೆ. ಎಲ್ಲ ಕೇಳಿ ಅವಳು ಅಂದದ್ದು ಒಂದೇ ಮಾತು: "ಹಾಗಾದರೆ ನೀನೂ ಬಾ ಅಮ್ಮ."

ಎರಡು ಗಾಳಿಗಳ ಲೆಕ್ಕ

ನಿಜಾಮುದ್ದೀನಿನಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆಯುವವರೆಗೆ ಈ ಗಾಡಿ ನಾಗಪುರ, ಪಾಲಕ್ಕಾಡು ಸುತ್ತಿ ಮಂಗಳೂರಿಗೆ ಹೋಗುತ್ತಿತ್ತು. ನಿಮ್ಮ ಅಪ್ಪ ಅಮ್ಮನನ್ನು ಕೇಳಿ, ಆ ಪ್ರಯಾಣದ ಕಥೆಗಳೇ ಒಂದು ಪುರಾಣವಾಗುತ್ತವೆ. ಕಾರವಾರದಲ್ಲಿ ಇಳಿದು, ಗೋಕರ್ಣದ ದಾರಿಯಾಗಿ ಅಘನಾಶಿನಿ ಕಡಲು ಸೇರುವ ತದಡಿಗೆ ತಲುಪಿದೆವು.

ಕಾರವಾರದಲ್ಲಿ ಮಗಳಿಗೆ ಒಂದು ವಿಷಯ ಹೇಳಿದೆ, ನಿಮಗೂ ಹೇಳುತ್ತೇನೆ. ರವೀಂದ್ರನಾಥ ಠಾಕೂರರು 1883ರಲ್ಲಿ, ನಿಮ್ಮದೇ ಪ್ರಾಯದಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ಹಾಯಿದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋದದ್ದನ್ನು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಕಾರವಾರದ ಕಡಲತೀರಕ್ಕೆ ಇಂದಿಗೂ ಅವರದೇ ಹೆಸರು.

ಈಗ ಗಾಳಿಯ ವಿಷಯ. ಇದು ತಿಳಿಯದೆ ಹಾಯಿಯ ಪ್ರಯಾಣ ತಿಳಿಯುವುದಿಲ್ಲ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಮಧ್ಯಾಹ್ನದ ಹೊತ್ತಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿದಾಗ, ಆ ಜಾಗ ತುಂಬಲು ಕಡಲಿನಿಂದ ತಂಪುಗಾಳಿ ನುಗ್ಗಿ ಬರುತ್ತದೆ. ಅದು ಕಡಲಗಾಳಿ. ರಾತ್ರಿ ಇದೇ ತಿರುಗುಮುರುಗು. ನೆಲ ಬೇಗ ಆರುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಆಗ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ನೆಲಗಾಳಿ ಹೊರಡುತ್ತದೆ. ಬೇಸಿಗೆಯಲ್ಲಿ ನಮ್ಮ ಕರಾವಳಿಯ ಕಡಲಗಾಳಿ ಹೆಚ್ಚಾಗಿ ವಾಯವ್ಯ ದಿಕ್ಕಿನಿಂದ ಬರುತ್ತದೆ. ಆದ್ದರಿಂದ ಮುಂಬೈ ಕಡೆಯಿಂದ ತೆಂಕಣಕ್ಕೆ ಬರುವ ಮಂಜಿಗೆ ಇಳಿಜಾರಿನ ದಾರಿ, ಬಡಗಣಕ್ಕೆ ಹೋಗುವ ಮಂಜಿಗೆ ಏರು ದಾರಿ. ಬಡಗಣಕ್ಕೆ ಹೋಗುವವರು ರಾತ್ರಿಯ ನೆಲಗಾಳಿಯನ್ನು ನೆಚ್ಚಿಕೊಂಡು ದಡದ ಬದಿಯಲ್ಲೇ ಸಾಗುತ್ತಿದ್ದರು.

ನಮ್ಮ ದಿನಚರಿಯೂ ಈ ಲೆಕ್ಕದಂತೆಯೇ ನಡೆಯಿತು. ಬೆಳಿಗ್ಗೆ ಐದಕ್ಕೆ ಲಂಗರು ಎತ್ತಿ ನೆಲಗಾಳಿಯಲ್ಲಿ ಹೊರಡುವುದು. ಒಂಬತ್ತು ಹತ್ತರ ಹೊತ್ತಿಗೆ ಗಾಳಿ ಸತ್ತು, ಕಡಲು ದೋಸೆ ಕಾವಲಿಯಂತೆ ನುಣ್ಣಗಾಗಿ ಕಾಯುತ್ತದೆ. ಆಗ ಹಾಯಿಯ ನೆರಳಿನಲ್ಲಿ ಮಲಗಿ ಕಾಯುವುದು. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ವಾಯವ್ಯದಲ್ಲಿ ನೀರಿನ ಮೇಲೆ ಒಂದು ಕಪ್ಪು ಗೆರೆ ಕಾಣಿಸುತ್ತದೆ. ಅದೇ ಗಾಳಿ! ಐದು ನಿಮಿಷದಲ್ಲಿ ಜೋತುಬಿದ್ದ ಹಾಯಿ ಉಬ್ಬಿ ದೋಣಿ ಒಂದು ಮಗ್ಗುಲಿಗೆ ವಾಲಿ ಓಡತೊಡಗುತ್ತದೆ. ವೇಗ ಎಷ್ಟೆನ್ನುತ್ತೀರಿ? ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್, ಹಾಗಾಗಿ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರ್. ಸಂಜೆ ಆರಕ್ಕೆ ಗುರುಗ್ರಾಮದ ಹೆದ್ದಾರಿಯಲ್ಲಿ ನಿಮ್ಮ ಕಾರು ಓಡುವಷ್ಟೇ. ಆದರೆ ಇಲ್ಲಿ ಹಾರನ್ನು ಇಲ್ಲ. 'ನಾಟ್' ಎಂದರೆ ಗಂಟು. ಹಿಂದೆ ಸಮ ಅಂತರದಲ್ಲಿ ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಇಷ್ಟು ಹೊತ್ತಿನಲ್ಲಿ ಎಷ್ಟು ಗಂಟು ಕೈಜಾರಿತೆಂದು ಎಣಿಸಿ ವೇಗ ತಿಳಿಯುತ್ತಿದ್ದರು.

ಗಾಳಿ ಎದುರಿನಿಂದ ಬಂದರೆ ಏನು ಮಾಡುವುದು ಎಂದು ನಾನೂ ಕೇಳಿದೆ. ಗಾಳಿಯ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು ನಲವತ್ತೈದು ಡಿಗ್ರಿ ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಬೇಕು, ಆಗುಂಬೆ ಘಾಟಿಯನ್ನು ಬಸ್ಸು ಹತ್ತುವ ಹಾಗೆ. ವಿಮಾನದ ರೆಕ್ಕೆಯಂತೆಯೇ ಹಾಯಿಯ ಎರಡು ಮಗ್ಗುಲಿನ ಗಾಳಿಯ ಒತ್ತಡದ ವ್ಯತ್ಯಾಸ ದೋಣಿಯನ್ನು ಎಳೆಯುತ್ತದೆ. ದೋಣಿಯ ತಳದಲ್ಲಿ ನೀರಿನೊಳಗೆ ಇಳಿದಿರುವ ಭಾರದ ಹಲಗೆ ಅದು ಅಡ್ಡಕ್ಕೆ ಜಾರದಂತೆ, ಮಗುಚದಂತೆ ಹಿಡಿದಿರುತ್ತದೆ. ಇಷ್ಟು ತಿಳಿದ ಮೇಲೆ ದೋಣಿ ವಾಲಿದಾಗಲೆಲ್ಲ ದೇವರ ಹೆಸರು ಹೇಳುವುದನ್ನು ಅರ್ಧಕ್ಕೆ ಇಳಿಸಿದೆ!

ತೂಗುವ ಒಲೆಯ ಮೇಲೆ ಗಂಜಿ

ಅಡುಗೆಯ ವಿಷಯ ಬರೆಯದಿದ್ದರೆ ನಾನು ಗೃಹಿಣಿ ಹೇಗಾದೇನು? ಆ ದೋಣಿಯ ಒಲೆಯನ್ನು ತೊಟ್ಟಿಲಿನಂತೆ ಎರಡು ಕೊಂಡಿಗಳಲ್ಲಿ ತೂಗುಹಾಕಿದ್ದಾರೆ. ದೋಣಿ ಎಷ್ಟೇ ವಾಲಿದರೂ ಒಲೆ ಮಟ್ಟವಾಗಿರುತ್ತದೆ. ವಾಲುವವಳು ಅಡುಗೆಯವಳು ಮಾತ್ರ. ಮೊದಲ ದಿನ ಬೆಳಿಗ್ಗೆ ಹೊಟ್ಟೆ ತೊಳಸಿ ಮೂಲೆ ಹಿಡಿದೆ. ಅಳಿಯ, ಅಂದರೆ ಅಕ್ಕನ ಮಗ, "ಅತ್ತೆ, ಒಳಗೆ ಕೂರಬೇಡಿ, ಮೇಲೆ ಬಂದು ದೂರದ ಗೆರೆಯನ್ನೇ ನೋಡಿ" ಎಂದ. ಶುಂಠಿ ಚೂರು ಬಾಯಿಗೆ ಹಾಕಿಕೊಂಡು ಹಾಗೇ ಮಾಡಿದೆ. ಕಣ್ಣು ಮತ್ತು ಕಿವಿಯೊಳಗಿನ ಸಮತೋಲದ ಅಂಗ ಎರಡೂ ಒಂದೇ ಮಾತು ಹೇಳತೊಡಗಿದಾಗ ಹೊಟ್ಟೆ ಸುಮ್ಮನಾಯಿತು. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಅಷ್ಟು ರುಚಿಯ ಊಟ ನಾನು ಇತ್ತೀಚೆಗೆ ಮಾಡಿಲ್ಲ.

ನೀರು ಮಾತ್ರ ಲೆಕ್ಕದ್ದು. ನಾಲ್ಕು ಜನಕ್ಕೆ ನೂರು ಲೀಟರಿನ ತೊಟ್ಟಿ. ಟ್ಯಾಂಕರಿಗೆ ಕಾಯುವ ದೆಹಲಿಯ ಗೃಹಿಣಿಗೆ ಇದು ಹೊಸತಲ್ಲ. ಪಾತ್ರೆಗಳನ್ನು ಕಡಲ ನೀರಿನಲ್ಲಿ ಬೆಳಗಿ, ಕೊನೆಗೊಂದು ಲೋಟ ಸಿಹಿನೀರಿನಲ್ಲಿ ಜಾಲಾಡಿದೆ. ಅಳಿಯನ ಹೆಂಡತಿ ನನಗೆ 'ಕ್ಯಾಪ್ಟನ್' ಎಂದು ಬಿರುದು ಕೊಟ್ಟಳು!

ಹೊನ್ನಾವರದ ಹೆಣ್ಣುಮಕ್ಕಳು

ತದಡಿಯಿಂದ ಹೊರಟ ದಿನ ಕುಮಟಾ ದಾಟಿ, ಕೋಟೆಯ ದ್ವೀಪವಾದ ಬಸವರಾಜದುರ್ಗವನ್ನು ಕಂಡು, ಶರಾವತಿ ಕಡಲು ಸೇರುವ ಹೊನ್ನಾವರದ ಮುಂದೆ ಬಂದೆವು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತಾ ಈ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳ ಶಾಲೆ 23 ಇದ್ದವೆಂದು ಬರೆದಿಟ್ಟಿದ್ದಾನೆ. ಮಗಳು ಚುಕ್ಕಾಣಿ ಹಿಡಿದುಕೊಂಡು ಇದನ್ನು ಕೇಳಿ "ಸಚ್?" ಎಂದಳು. ಕಡಲದಾರಿ ತೆರೆದಿದ್ದ ಊರುಗಳಿಗೆ ಸರಕಿನ ಜೊತೆ ಜನವೂ ವಿದ್ಯೆಯೂ ಬರುತ್ತಿದ್ದವು ಎಂದೆ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಈಗ ಲಕ್ಷದ್ವೀಪಕ್ಕೆ ಸೇರಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿನವರು ತಮ್ಮ ಹಾಯಿಹಡಗುಗಳಾದ ಓಡಗಳಲ್ಲಿ ತೆಂಗಿನ ನಾರು, ಕೊಬ್ಬರಿ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬಂದು ಅಕ್ಕಿ ಕೊಂಡುಹೋಗುತ್ತಿದ್ದರು. ಅವರಿಗೆ ಪೇಟೆ ಎಂದರೆ ಮಂಗಳೂರೇ.

ಆ ಸಂಜೆ ಮುರ್ಡೇಶ್ವರದಲ್ಲಿ, ಗುಡ್ಡದ ಮರೆಗೆ ಲಂಗರು ಇಳಿಸಿದೆವು. 123 ಅಡಿ ಎತ್ತರದ ಶಿವನ ಮೂರ್ತಿ ತುಂಬಾ ದೂರದಿಂದಲೇ ಕಂಡು ದಾರಿ ತೋರಿಸಿತ್ತು. ಹಿಂದಿನ ತಾಂಡೇಲರಿಗೆ ಇಂಥ ಗುರುತುಗಳೇ ನಕ್ಷೆ. ದಡದ ಮರಗಳು ಕಾಣದಷ್ಟು ದೂರ ಹೋದರೂ ಬೆಟ್ಟಗಳು ಕಾಣುತ್ತವೆ. ಮರುದಿನ ಮುಂಜಾನೆ, ಬಿಸಿಲಿನ ಮಬ್ಬು ಕವಿಯುವ ಮೊದಲು, 1343 ಮೀಟರ್ ಎತ್ತರದ ಕೊಡಚಾದ್ರಿ ನೀಲಿ ಗೆರೆಯಂತೆ ಕಂಡಿತು. ರಾತ್ರಿ ದೀಪಸ್ತಂಭಗಳು. ಪ್ರತಿಯೊಂದಕ್ಕೂ ಮಿನುಗುವ ಲಯ ಬೇರೆ. ಸೆಕೆಂಡು ಎಣಿಸಿದರೆ ಯಾವ ಊರೆಂದು ತಿಳಿಯುತ್ತದೆ.

ಗಂಗೊಳ್ಳಿಯ ಅಳಿವೆ

ಎರಡನೆಯ ದಿನ ಬಲಗಡೆ ದೂರದಲ್ಲಿ ನೇತ್ರಾಣಿ ದ್ವೀಪ, ಎಡಗಡೆ ಭಟ್ಕಳ, ಬೈಂದೂರು. ಮೂರು ಗಂಟೆಯ ಹೊತ್ತಿಗೆ ಮರವಂತೆ. ಒಂದು ಪಕ್ಕ ಸೌಪರ್ಣಿಕಾ, ಒಂದು ಪಕ್ಕ ಕಡಲು, ನಡುವೆ ಹೆದ್ದಾರಿ ಇರುವ ಆ ಜಾಗವನ್ನು ನೀವು ಬಸ್ಸಿನಿಂದ ನೋಡಿರಬಹುದು. ಕಡಲಿನಿಂದ ನೋಡಿದರೆ ಲಾರಿಗಳು ನೀರಿನ ಮೇಲೇ ಓಡುವಂತೆ ಕಾಣುತ್ತವೆ. ಮಗಳು ನಗುತ್ತಾ ಫೋಟೋ ತೆಗೆಯುತ್ತಿದ್ದಳು. ನನ್ನ ಕೈಕಾಲು ತಣ್ಣಗಾಗುತ್ತಿದ್ದವು, ಏಕೆಂದರೆ ಮುಂದಿನದು ಗಂಗೊಳ್ಳಿ.

ಅಳಿವೆ ಏಕೆ ಅಪಾಯ ಎಂದು ಅಳಿಯ ಆಗ ನನಗೆ ಬಿಡಿಸಿ ಹೇಳಿದ. ನದಿ ಹೊತ್ತು ತಂದ ಮರಳು ಬಾಯಲ್ಲಿ ದಿಣ್ಣೆಯಾಗಿ ನಿಲ್ಲುತ್ತದೆ. ಆಳದ ಕಡಲಿನಲ್ಲಿ ಮೆಲ್ಲಗೆ ಏರಿಳಿಯುವ ಅಲೆ ಆ ದಿಣ್ಣೆಯ ಮೇಲೆ ಬಂದಾಗ ಕಡಿದಾಗಿ ಎದ್ದು ಮುರಿಯುತ್ತದೆ. ಇಳಿತದ ಹೊತ್ತಾದರೆ ಹೊಳೆಯ ನೀರು ಹೊರಕ್ಕೆ ನುಗ್ಗುತ್ತಾ ಅಲೆಯನ್ನು ಎದುರಿಸಿ ಇನ್ನೂ ಎತ್ತರಕ್ಕೆ ಎಬ್ಬಿಸುತ್ತದೆ. ಅದಕ್ಕೇ ಭರತದ ಹೊತ್ತಿನಲ್ಲಿ, ನೀರು ಒಳಕ್ಕೆ ಏರುತ್ತಿರುವಾಗ ದಾಟಬೇಕು. ಮೇ ಕೊನೆಗೆ ಮುಂಗಾರು ಇನ್ನೂ ದೂರದಲ್ಲಿದ್ದರೂ ಅದು ಎಬ್ಬಿಸಿದ ಅಲೆಗಳು ಮೊದಲೇ ಬಂದು ಮುಟ್ಟುತ್ತವೆ. ಆಕಾಶ ತಿಳಿಯಾಗಿರುತ್ತದೆ, ಅಳಿವೆ ಬಾಯಿ ತೆರೆದಿರುತ್ತದೆ. ಮಾವನ ಮಂಜಿಗೆ ಏನಾಯಿತೆಂದು ಸುಮಾರು ಐವತ್ತು ವರ್ಷದ ನಂತರ ನನಗೆ ಅರ್ಥವಾಯಿತು. ಅಜ್ಜಿ ಸಾಯುವವರೆಗೆ "ಕಡಲಿಗೆ ನಮ್ಮ ಮೇಲೆ ಎಂತ ಸಿಟ್ಟಿತ್ತೋ" ಎನ್ನುತ್ತಿದ್ದರು. ಸಿಟ್ಟಲ್ಲ ಅಜ್ಜಿ, ಹೊತ್ತು ತಪ್ಪಿತ್ತು ಅಷ್ಟೇ, ಎಂದು ಹೇಳಲು ಈಗ ಅವರಿಲ್ಲ.

ನಾವು ಹೊರಗಡೆಯೇ ಒಂದೂವರೆ ಗಂಟೆ ಕಾದು, ಭರತ ಏರುವ ಹೊತ್ತಿಗೆ ಹಾಯಿ ಇಳಿಸಿ ಇಂಜಿನು ಹಚ್ಚಿದೆವು. ಈಗ ಅಳಿವೆಗೆ ಕಲ್ಲಿನ ತಡೆಗೋಡೆ ಕಟ್ಟಿದ್ದಾರೆ. ಆದರೂ ಒಳಗಿನ ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ಮೀನು ಹಿಡಿದು ಮರಳುತ್ತಿದ್ದ ಒಂದು ದೋಣಿ ನಮ್ಮ ಹತ್ತಿರ ಬಂದು ನಿಧಾನಿಸಿತು. ಹಿರಿಯ ತಾಂಡೇಲರೊಬ್ಬರು ಕೈಯೆತ್ತಿ ಕೂಗಿದರು: "ಹ್ವಾಯ್, ನಮ್ಮ ಬೆನ್ನಿಗೇ ಬನ್ನಿ. ಬಲಕ್ಕೆ ಹೋಪುದ್ ಬ್ಯಾಡ, ಅಲ್ಲ್ ಮರಳ್ ಇತ್ತ್!"

ಚುಕ್ಕಾಣಿ ಮಗಳ ಕೈಯಲ್ಲಿತ್ತು. ಅಳಿಯ ಅವಳ ಪಕ್ಕದಲ್ಲೇ ನಿಂತಿದ್ದ, ಆದರೆ ತೆಗೆದುಕೊಳ್ಳಲಿಲ್ಲ. ಒಂದು ಅಲೆ ಹಿಂದಿನಿಂದ ಎತ್ತಿತು, ದೋಣಿ ಮುಂದಕ್ಕೆ ಜಾರಿತು, ಎರಡನೆಯದು ಎತ್ತಿತು. ನಾನು ಕಣ್ಣು ಮುಚ್ಚಬಾರದೆಂದು ಹಟ ಹಿಡಿದು ತಾಂಡೇಲರ ದೋಣಿಯ ಹಿಂಭಾಗವನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಎಲ್ಲ ಶಾಂತ. ಹೊಳೆಯ ಒಳಗಿದ್ದೆವು. ತೆಂಗಿನ ತೋಟ, ಹಂಚಿನ ಮಾಡು, ಧಕ್ಕೆಯ ಮೀನಿನ ವಾಸನೆ. ನಾನು ಹುಟ್ಟಿದಾಗಿನಿಂದ ಕಂಡ ಊರೇ ಅದು. ಆದರೆ ಈ ಕಡೆಯಿಂದ ನೋಡಿರಲಿಲ್ಲ. ಮಾವ ಪ್ರತಿ ಸಲ ಮನೆಗೆ ಬರುವಾಗ ಕಂಡಿರಬಹುದಾದ ಊರು ಇದು.

ತಾಂಡೇಲರು ದೋಣಿಯನ್ನು ಪಕ್ಕಕ್ಕೆ ತಂದು ಕೇಳಿದರು, "ನೀವ್ ಯಾರ್ ಮನಿಯವ್ರ್?" ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನಾವು ಇಲ್ಲಿಯವರೇ. ಅಮ್ಮನ ಅಜ್ಜನ ಮನೆ ಗಂಗೊಳ್ಳಿ." ಒತ್ತಕ್ಷರ ಅಲ್ಲಿ ಇಲ್ಲಿ ಜಾರಿದ ಕನ್ನಡ, ಆದರೆ ಕನ್ನಡ. ಎಲ್ಲಿ ಯಾರು ಕೇಳಿದರೂ "ದಿಲ್ಲಿ" ಎನ್ನುತ್ತಿದ್ದವಳು ಅವಳು. ತಾಂಡೇಲರು ಹಣ ತೆಗೆದುಕೊಳ್ಳಲಿಲ್ಲ. ಬದಲಿಗೆ ನಾಲ್ಕು ಬಂಗುಡೆ ಮೀನು ಕೊಡಲು ಬಂದರು. ನಮ್ಮದು ಗಂಜಿಯ ದೋಣಿ ಎಂದು ಕೈಮುಗಿದೆ.

ಮರುದಿನ ಬೆಳಿಗ್ಗೆ ಹೊರಡುವಾಗ, ಅಜ್ಜಿಯ ತೋಟದ ಒಂದು ತೆಂಗಿನಕಾಯಿಯನ್ನು ಅಳಿವೆಯಲ್ಲಿ ನೀರಿಗೆ ಬಿಟ್ಟೆ. ನಮ್ಮ ಕರಾವಳಿಯ ಮೀನುಗಾರರು ಶ್ರಾವಣದ ಹುಣ್ಣಿಮೆಯಂದು ಕಡಲನ್ನು ಪೂಜಿಸಿ, ತೆಂಗಿನಕಾಯಿ ಅರ್ಪಿಸಿಯೇ ಹೊಸ ಋತುವಿಗೆ ಇಳಿಯುವುದು. ನನ್ನದು ಅಕಾಲದ ಪೂಜೆ. ಆದರೂ ಮನಸ್ಸು ಹಗುರಾಯಿತು. ಅಂದು ಮಧ್ಯಾಹ್ನ ಹಂಗಾರಕಟ್ಟೆಯ ಮುಂದೆ ಹಾಯ್ದು, ಸೈಂಟ್ ಮೇರೀಸ್ ದ್ವೀಪದ ಕಂಬಗಳಂಥ ಲಾವಾ ಬಂಡೆಗಳನ್ನು ಕಂಡು ಮಲ್ಪೆ ಸೇರಿದೆವು. ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡಿ ರೈಲು ಹತ್ತಿದೆವು. ಅಳಿಯ ತೆಂಕಣಕ್ಕೆ ಸಾಗಿದ.

ನಿಮಗೆ ಮನಸ್ಸಾದರೆ

ಇದನ್ನೆಲ್ಲ ಓದಿ "ಆಂಟಿ, ನಮ್ಮಂಥವರಿಗೆ ಇದು ಸಾಧ್ಯವೇ?" ಎನ್ನಬೇಡಿ. 1985ರಿಂದ 1987ರ ನಡುವೆ ನಮ್ಮ ಸೇನೆಯ ಎಂಜಿನಿಯರ್ ದಳದವರು 'ತೃಷ್ಣಾ' ಎಂಬ ಯಾಟಿನಲ್ಲಿ ಭೂಮಿಯನ್ನು ಸುತ್ತಿ ಬಂದರು. ಭಾರತೀಯರಿಗೆ ಅದೇ ಮೊದಲು. ಗೋವಾದಲ್ಲಿ ಕಟ್ಟಿದ, ಸುಮಾರು 17 ಮೀಟರ್ ಉದ್ದದ 'ತಾರಿಣಿ'ಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಿಂದ 2018ರ ಮೇವರೆಗೆ ಪ್ರಪಂಚ ಸುತ್ತಿದರು. ಅದೇ ತಾರಿಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಗೋವಾ ಬಿಟ್ಟು, 2025ರ ಮೇ 29ರಂದು ಮರಳಿದರು. ಇವರಲ್ಲಿ ಯಾರೂ ದೋಣಿಯಲ್ಲೇ ಹುಟ್ಟಿದವರಲ್ಲ. ಕಲಿತವರು.

ಕಲಿಯಲು ಎಲ್ಲಿಂದ ಆರಂಭಿಸಬೇಕು? ಮೊದಲು ಈಜು. ತಾಲ್ಕಟೋರಾದ ಈಜುಕೊಳ ನಿಮಗೆ ದೂರವಲ್ಲ. ಆಮೇಲೆ ಸಣ್ಣ ಹಾಯಿದೋಣಿ. ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಇದೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ, ಚೆನ್ನೈ ಮತ್ತು ಮುಂಬೈಗಳಲ್ಲಿ ಯಾಟ್ ಕ್ಲಬ್ಬುಗಳಿವೆ. ತಮಾಷೆ ನೋಡಿ, ದೇಶದ ಯಾಟಿಂಗ್ ಸಂಘದ ಕಚೇರಿ ಇರುವುದು ಕಡಲೇ ಇಲ್ಲದ ನಮ್ಮ ದೆಹಲಿಯಲ್ಲಿ!

ನಾನು ಕಲಿತ ಕೆಲವು ನಿಯಮಗಳನ್ನೂ ಬರೆದುಬಿಡುತ್ತೇನೆ. ಅಡುಗೆಮನೆಯ ಗೋಡೆಗೆ ಅಂಟಿಸುವ ಪಟ್ಟಿ ಎಂದುಕೊಳ್ಳಿ.

ತಿಳಿದವರಿಲ್ಲದೆ ಹೋಗಬೇಡಿ. ಹೊರಡುವ ಮೊದಲು ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಹೇಳಿ, ಎಲ್ಲಿ ಯಾವಾಗ ತಲುಪುವಿರೆಂದು ದಡದಲ್ಲಿ ಒಬ್ಬರಿಗೆ ಬರೆದುಕೊಡಿ. ಕಾರವಾರದಂಥ ಕಡೆ ನೌಕಾನೆಲೆಯ ಹತ್ತಿರ ಸುಳಿಯಬೇಡಿ. ಜೀವರಕ್ಷಕ ಅಂಗಿಯನ್ನು ಪೆಟ್ಟಿಗೆಯಲ್ಲಲ್ಲ, ಮೈಮೇಲೆ ಇಟ್ಟುಕೊಳ್ಳಿ. ರೇಡಿಯೋದ 16ನೆಯ ಚಾನೆಲ್ ಮತ್ತು ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆ ನೆನಪಿರಲಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆ, ಗಾಳಿಗಳ ಮುನ್ಸೂಚನೆ ಕೊಡುತ್ತದೆ. ಅದನ್ನು ದಿನವೂ ನೋಡಿ. ಮೀನುಗಾರರ ಬಲೆಯ ಮೇಲೆ ದೋಣಿ ಹಾಯಿಸಬೇಡಿ. ಅದು ಅವರ ಅನ್ನ. ರಾತ್ರಿ ದೀಪವಿಲ್ಲದ ದೋಣಿಗಳಿರುತ್ತವೆ, ಆದ್ದರಿಂದ ಹೊಸಬರು ಹಗಲಿನಲ್ಲೇ ಸಾಗುವುದು ಲೇಸು.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಮೇ ತಿಂಗಳ ಮೊದಲ ವಾರದೊಳಗೆ ಪ್ರವಾಸ ಮುಗಿಸಿ. 2021ರ ಮೇ ಮಧ್ಯದಲ್ಲೇ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಅಪ್ಪಳಿಸಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ರಜೆ. ಮೀನು ಮರಿಮಾಡುವ ಕಾಲವೂ ಹೌದು, ಕಡಲು ಕೆರಳುವ ಕಾಲವೂ ಹೌದು. ರಜೆ ಮುಗಿಯಿತು, ಟಿಕೆಟ್ ಇದೆ, ನಾಳೆಯೇ ಮುಟ್ಟಬೇಕು ಎಂಬ ಅವಸರವನ್ನು ದಡದಲ್ಲೇ ಬಿಟ್ಟುಹೋಗಿ. ನನ್ನ ಮಾವನನ್ನು ನುಂಗಿದ್ದು ಆ ಅವಸರ.

ಮಂಜಿಗಳ ಕಾಲ ಮುಗಿಯಿತು. ಹೆದ್ದಾರಿ ಬಂತು, ಲಾರಿಗಳು ಬಂದವು, ಹಡಗುಗಳಿಗೆ ಇಂಜಿನು ಬಂತು, 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಕೂವೆಮರ, ಚುಕ್ಕಾಣಿ, ಲಂಗರು, ಅಳಿವೆ, ಭರತ ಎಂಬ ಮಾತುಗಳು ಮಾತ್ರ ಧಕ್ಕೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿವೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವರ ಪಕ್ಕ ಒಂದು ಸಂಜೆ ಕುಳಿತು ಕೇಳಿ. ಮನಸ್ಸಾದರೆ ಒಮ್ಮೆ ಕಡಲಿಗಿಳಿದು, ತಿರುಗಿ ಊರನ್ನು ನೋಡಿ.

ಮಗಳು ಈಗ ಪ್ರತಿ ಭಾನುವಾರ ಈಜಲು ಹೋಗುತ್ತಾಳೆ. ಮೊನ್ನೆ ಧೂಳುಗಾಳಿ ಎದ್ದಾಗ ಬಾಲ್ಕನಿಯ ಬಟ್ಟೆ ತೆಗೆಯಲು ಓಡಿದೆ. ಅವಳು ಅಲ್ಲೇ ನಿಂತು, ಒದ್ದೆ ಸೀರೆ ಉಬ್ಬುವುದನ್ನು ನೋಡುತ್ತಾ ಹೇಳಿದಳು: "ಅಮ್ಮ, ವಾಯವ್ಯ!"

ಕನ್ನಡದಲ್ಲೇ ಹೇಳಿದಳು.